ಚೀಟಿಯ ಮೇಲಿನ ವೇಗ



ಕಂಪ್ಯೂಟರಿನ ಬಿಡಿಭಾಗಗಳ ಮೇಲೆ ಅಚ್ಚಾಗಿರುವ ಅಂಕಿಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೆಲವು ದಿನಗಳಿಂದ ಅಂದುಕೊಂಡಿದ್ದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರ್ಯಾಮ್ ಎಂಬ ಸ್ಮೃತಿಪಟ್ಟಿಯ ಪೊಟ್ಟಣದ ಮೇಲೆ ಬರೆದಿರುವ ವೇಗವು ಷರತ್ತಿಗೆ ಒಳಪಟ್ಟ ಭರವಸೆ. ಆ ಷರತ್ತೇನೆಂದು ಹೇಳುವುದು ಮಾರುವವನ ಕರ್ತವ್ಯ. ಹಣ ಕೊಡುವ ಮೊದಲು ಅದನ್ನು ಪರೀಕ್ಷಿಸಿ ನೋಡುವುದು ಕೊಳ್ಳುವವನ ಹಕ್ಕು. ನಮ್ಮ ಭಾಗದಲ್ಲಿ ಈ ಎರಡೂ ನಡೆಯುತ್ತಿಲ್ಲ.

ಈ ವಿಚಾರಕ್ಕೆ ಪ್ರೇರಣೆ ಕುಳಗೇರಿ ಕ್ರಾಸಿನಿಂದ ಬಂದ ಒಂದು ದೂರವಾಣಿ ಕರೆ. ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಿಂದ ಬಾದಾಮಿಯ ರಸ್ತೆ ಕವಲೊಡೆಯುವ ಆ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಲಗ್ನಗಳ ವಿಡಿಯೋ ಸಂಕಲನಕ್ಕಾಗಿ ಸಾಲ ಮಾಡಿ ಹೊಸ ಕಂಪ್ಯೂಟರ್ ಜೋಡಿಸಿಕೊಂಡಿದ್ದ. "ಸರ್, ಚೀಟಿ ಮ್ಯಾಲ 3200 ಅಂತ ಬರದಾರ್ರಿ. ವಿಂಡೋಸ್‌ನ್ಯಾಗ ನೋಡಿದ್ರ 2133 ತೋರಸತೈತಿ, ಇನ್ನೊಂದು ಸಾಫ್ಟ್‌ವೇರ್ 1066 ಅಂತೈತ್ರಿ. ನನಗ ಮೋಸ ಆಗೇತ್ರಿ" ಎಂದ. ಅಂಗಡಿಯವನಿಗೆ ಫೋನು ಮಾಡಿದರೆ "ಅಷ್ಟ ಬರತೈತಿ" ಎಂಬ ಉತ್ತರವಂತೆ. ಮರುದಿನವೇ ಹೋಗಿ ಜಗಳ ತೆಗೆಯುವ ಸಿದ್ಧತೆಯಲ್ಲಿದ್ದ. "ತಮ್ಮಾ, ಜಗಳ ನಾಳೆ ಇರಲಿ, ಇವತ್ತು ಲೆಕ್ಕ ಮಾಡೋಣ" ಎಂದೆ. ಆ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ.

ಮೊದಲಿಗೆ 1066ರ ಗೊಂದಲ. ಈಗಿನ ರ್ಯಾಮುಗಳಿಗೆ ಡಿಡಿಆರ್ ಎಂಬ ಹೆಸರಿದೆ. ಗಡಿಯಾರದ ಪ್ರತಿ ಮಿಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುವುದು ಎಂದು ಅದರ ತಾತ್ಪರ್ಯ. ಸಿಪಿಯು-ಝಡ್ ಎಂಬ ತಂತ್ರಾಂಶ ಮಿಡಿತವನ್ನು ಎಣಿಸುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಸಾಗಣೆಯನ್ನು ಎಣಿಸುತ್ತದೆ. ಆದ್ದರಿಂದ 1066 ಮತ್ತು 2133 ಒಂದೇ ವೇಗದ ಎರಡು ಹೆಸರುಗಳು. ಅಂತೆಯೇ 3200ರ ರ್ಯಾಮು ಸರಿಯಾಗಿ ಓಡುತ್ತಿರುವಾಗಲೂ ಸಿಪಿಯು-ಝಡ್‌ನಲ್ಲಿ 1600 ಎಂದೇ ಕಾಣುತ್ತದೆ. ಅರ್ಧ ಅಂಕಿ ಕಂಡ ಮಾತ್ರಕ್ಕೆ ಅರ್ಧ ವೇಗವೆಂದು ತಿಳಿಯಬಾರದು.

ಆದರೆ 2133 ಮತ್ತು 3200ರ ನಡುವಿನ ಅಂತರ ನಿಜವಾದದ್ದೇ. ಪ್ರತಿ ರ್ಯಾಮಿನಲ್ಲಿ ಒಂದು ಪುಟ್ಟ ಚಿಪ್ ಇದ್ದು, ತಾನು ಯಾವ ಯಾವ ವೇಗದಲ್ಲಿ ಓಡಬಲ್ಲೆ ಎಂಬ ಪಟ್ಟಿ ಅದರಲ್ಲಿ ಬರೆದಿರುತ್ತದೆ. ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ನಿಗದಿಪಡಿಸಿದ ವೇಗಗಳು ಒಂದು ಭಾಗ. ತಯಾರಕನು ಅದಕ್ಕೂ ಮಿಗಿಲಾಗಿ ಪರೀಕ್ಷಿಸಿ ಸೇರಿಸಿದ ವೇಗ ಇನ್ನೊಂದು ಭಾಗ. ಇಂಟೆಲ್ ಕಂಪನಿ 2007ರಲ್ಲಿ ಎಕ್ಸ್ಎಂಪಿ ಎಂಬ ಹೆಸರಿನಲ್ಲಿ ಈ ಎರಡನೆಯ ಪಟ್ಟಿಗೆ ಒಂದು ರೂಪ ಕೊಟ್ಟಿತು. 2022ರಲ್ಲಿ ಎಎಂಡಿ ತನ್ನದೇ ಎಕ್ಸ್‌ಪೋ ಎಂಬುದನ್ನು ತಂದಿತು. ಕಂಪ್ಯೂಟರ್ ಎದ್ದಾಗ ಸುರಕ್ಷಿತವೆಂದು ಮೊದಲನೆಯ ಪಟ್ಟಿಯನ್ನೇ ಓದುತ್ತದೆ. ಎರಡನೆಯದನ್ನು ಬಯಾಸ್ ಒಳಗೆ ಹೋಗಿ ನಾವೇ ಆರಿಸಬೇಕು. ಚೀಟಿಯ ಮೇಲೆ ಮಾತ್ರ ಎರಡನೆಯ ಪಟ್ಟಿಯ ಅಂಕಿಯೇ ದೊಡ್ಡದಾಗಿ ಅಚ್ಚಾಗಿರುತ್ತದೆ. ಜೆಡೆಕ್ ಪಟ್ಟಿಯಲ್ಲಿಯೇ 3200 ಇರುವ ರ್ಯಾಮುಗಳೂ ಉಂಟು. ಕಂಪ್ಯೂಟರು ಒಪ್ಪುವುದಾದರೆ ಅವು ತಾವಾಗಿಯೇ ಆ ವೇಗ ಹಿಡಿಯುತ್ತವೆ.

ಹುಡುಗ ಬಯಾಸ್ ತೆರೆದ. ಎಕ್ಸ್ಎಂಪಿ ಎಂಬಲ್ಲಿ ನಿಷ್ಕ್ರಿಯವೆಂದಿತ್ತು. ಅದನ್ನು ಸಕ್ರಿಯಗೊಳಿಸಿ, ಉಳಿಸಿ, ಮತ್ತೆ ಚಾಲೂ ಮಾಡಿದಾಗ 3200 ಕಂಡಿತು. ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸೆಂದು ಹೇಳಿದೆ. ಒಂದು ದೋಷವೂ ಬರಲಿಲ್ಲ. ಈ ಪರೀಕ್ಷೆಯನ್ನು ಬಿಡಬಾರದು. ವೇಗ ಹೆಚ್ಚಿಸಿದ ಮೇಲೆ ಕಡತ ಕೆಡುವಂತಾದರೆ ಆ ವೇಗದಿಂದ ಏನು ಪ್ರಯೋಜನ?

ಎಲ್ಲರಿಗೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಹೀಗಾಗಿ ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಹೇಳುತ್ತೇನೆ. ಮೊದಲು ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಮಿತಿಯನ್ನು ತಯಾರಕರ ಪುಟದಲ್ಲಿ ನೋಡಿರಿ. ಇಂಟೆಲ್‌ನ 10ನೆಯ ಪೀಳಿಗೆಯ ಐ5 ಪ್ರೊಸೆಸರನ್ನು ಎಚ್410 ಬೋರ್ಡಿನಲ್ಲಿ ಕೂರಿಸಿದರೆ, ಎಂಥ ರ್ಯಾಮ್ ಹಾಕಿದರೂ 2666 ದಾಟುವುದಿಲ್ಲ. ಅಲ್ಲಿ 3200ಕ್ಕೆ ಹೆಚ್ಚಿನ ಹಣ ತೆತ್ತರೆ ವ್ಯರ್ಥ.

ಎರಡನೆಯದಾಗಿ, ಬೇರೆ ಬೇರೆ ವೇಗದ ಎರಡು ರ್ಯಾಮುಗಳಿವೆಯೇ ನೋಡಿರಿ. ಜೋಡೆತ್ತುಗಳಲ್ಲಿ ಒಂದು ನಿಧಾನವಾದರೆ ಬಂಡಿ ಅದರ ನಡಿಗೆಯಲ್ಲೇ ಸಾಗುವುದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯದಾಗಿ, ಎಷ್ಟು ರ್ಯಾಮುಗಳಿವೆ, ಯಾವ ಕಂಡಿಗಳಲ್ಲಿ ಕುಳಿತಿವೆ ಎಂಬುದು. ನಾಲ್ಕು ಕಂಡಿಗಳಿರುವ ಬೋರ್ಡಿನಲ್ಲಿ ಎರಡು ರ್ಯಾಮುಗಳನ್ನು ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಕಂಡಿಯಲ್ಲಿಡಬೇಕು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾಲ್ಕನ್ನೂ ತುಂಬುವುದು ಡಿಡಿಆರ್5ರಲ್ಲಿ ತಿರುಗುಬಾಣವಾಗಬಹುದು. ರೈಜೆನ್ 7000 ಸರಣಿಗೆ ಎರಡು ರ್ಯಾಮುಗಳಿದ್ದಾಗ 5200 ಎಂದು ಹೇಳುವ ಎಎಂಡಿ, ನಾಲ್ಕಿದ್ದಾಗ ಹೇಳುವುದು 3600 ಮಾತ್ರ.

ನಾಲ್ಕನೆಯದು ಬಯಾಸ್ ನವೀಕರಣ. ಹಳೆಯ ಬಯಾಸ್ ಹೊಸ ರ್ಯಾಮನ್ನು ಸರಿಯಾಗಿ ಅರಿಯದಿರಬಹುದು. ಆದರೆ ನವೀಕರಿಸುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ನಿಷ್ಪ್ರಯೋಜಕವಾದೀತು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿರಿ. ಇನ್ನು ಎಕ್ಸ್ಎಂಪಿ ಹಾಕಿದ ಮೇಲೆ ಪರದೆ ಕಪ್ಪಾದರೆ ಗಾಬರಿ ಬೇಡ. ಬಹುತೇಕ ಬೋರ್ಡುಗಳು ಕೆಲವು ಸಲ ಯತ್ನಿಸಿ ಹಳೆಯ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ಸಿಮೋಸ್ ಅಳಿಸಬೇಕು.

ಇಷ್ಟೆಲ್ಲ ಶ್ರಮಕ್ಕೆ ಬೆಲೆಯುಂಟೇ? 2133ರಲ್ಲಿ ಒಂದು ರ್ಯಾಮಿನ ಹಾದಿಯಲ್ಲಿ ಸೆಕೆಂಡಿಗೆ ಸುಮಾರು 17 ಗಿಗಾಬೈಟ್ ಸಾಗಬಲ್ಲದು, 3200ರಲ್ಲಿ 25.6. ಮೂರರಲ್ಲೊಂದು ಪಾಲು ಕಡಿಮೆಯೆಂದಾಯಿತು. ಹಾಗೆಂದು ಎಲ್ಲ ಕೆಲಸವೂ ಅಷ್ಟೇ ನಿಧಾನವಾಗುವುದಿಲ್ಲ. ಪತ್ರ ಟೈಪು ಮಾಡುವವರಿಗೆ, ಆನ್‌ಲೈನ್ ಅರ್ಜಿ ತುಂಬುವವರಿಗೆ ವ್ಯತ್ಯಾಸವೇ ತಿಳಿಯದು. ವಿಡಿಯೋ ಸಂಕಲನದಲ್ಲಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಗಳಲ್ಲಿ ತಿಳಿಯುತ್ತದೆ. ಮಕ್ಕಳ ಓದಿಗೆಂದು ಕಂಪ್ಯೂಟರ್ ಕೊಳ್ಳುವ ತಂದೆತಾಯಿಯರು ವೇಗದ ದೊಡ್ಡ ಅಂಕಿಗೆ ಮರುಳಾಗದೆ, 8ರ ಬದಲು 16 ಗಿಗಾಬೈಟ್ ಸಿಗುವುದೇ ಎಂದು ಕೇಳುವುದು ಹೆಚ್ಚು ವಿವೇಕ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ರ್ಯಾಮಿನಲ್ಲಿ ದೋಷವಿರಲಿಲ್ಲ, ಅಂಗಡಿಯವನು ಕಳಪೆ ಸರಕು ಕೊಟ್ಟಿರಲಿಲ್ಲ. ಆದರೂ ಆ ಹುಡುಗ ವಾರಗಟ್ಟಲೆ ತಾನು ಹಣ ಕೊಟ್ಟ ವೇಗವನ್ನು ಪಡೆಯಲಿಲ್ಲ. ಒಂದು ವಾಕ್ಯ ಹೇಳದಿದ್ದುದೇ ಕಾರಣ. ಇದು ಅಮೆರಿಕೆಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ವಿಷಯ. ಇಂಥದೇ ದಾವೆಯೊಂದರಲ್ಲಿ ಕೋರ್ಸೇರ್ ಕಂಪನಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 55 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳಲು 2025ರಲ್ಲಿ ಸಮ್ಮತಿಸಿತು. ಬಯಾಸ್ ಬದಲಿಸದೆ ದೊರೆಯದ ವೇಗವನ್ನು ಚೀಟಿಯ ಮೇಲೆ ಸಾಮಾನ್ಯ ವೇಗವೆಂಬಂತೆ ಹಾಕಿದರು ಎಂಬುದೇ ಗ್ರಾಹಕರ ದೂರಾಗಿತ್ತು.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಸರಕಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕನ ಹಕ್ಕೆಂದೇ ಹೇಳುತ್ತದೆ. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ; 1915 ಎಂಬ ಸಹಾಯವಾಣಿಯೂ ಇದೆ. ಆದರೆ ಅಲ್ಲಿಗೆ ಹೋಗುವ ಪ್ರಸಂಗವೇ ಬಾರದಂತೆ ನಡೆದುಕೊಳ್ಳುವುದು ಮೇಲು. ಇಳಕಲ್ಲಿನಲ್ಲಿ ಸೀರೆ ಕೊಳ್ಳುವ ನಮ್ಮ ಅಕ್ಕ-ತಂಗಿಯರನ್ನು ನೋಡಿರಿ. ಒಡಲು ಹತ್ತಿಯೋ ರೇಷ್ಮೆಯೋ, ಸೆರಗಿನ ರೇಷ್ಮೆ ಅಸಲೋ ಕೃತಕವೋ ಎಂದು ಕೇಳದೆ ಗಂಟು ಬಿಚ್ಚುವುದಿಲ್ಲ. ಆ ಪ್ರಶ್ನೆಯಿಂದ ಒಳ್ಳೆಯ ವ್ಯಾಪಾರಿಗೆ ಸಿಟ್ಟು ಬರುವುದೂ ಇಲ್ಲ. ಕಂಪ್ಯೂಟರಿನ ಅಂಗಡಿಯಲ್ಲಿ ಮಾತ್ರ ನಾವೇಕೆ ಬಾಯಿ ಕಟ್ಟಿದವರಂತೆ ನಿಲ್ಲಬೇಕು?

ಆದುದರಿಂದ ಮುಂದಿನ ಸಲ ಕೊಳ್ಳುವಾಗ ಮೂರು ಕೆಲಸ ಮಾಡಿರಿ. "ಈ ವೇಗ ತಾನಾಗಿಯೇ ಬರುತ್ತದೆಯೋ, ಬಯಾಸಿನಲ್ಲಿ ಆರಿಸಬೇಕೋ?" ಎಂದು ಕೇಳಿರಿ. ಈ ಬೋರ್ಡು ಮತ್ತು ಪ್ರೊಸೆಸರಿಗೆ ಆ ವೇಗ ಸಲ್ಲುತ್ತದೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ಅಂಗಡಿಯಲ್ಲೇ ಯಂತ್ರ ಚಾಲೂ ಮಾಡಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಅಂಕಿ ನೋಡಿದ ಬಳಿಕವೇ ಹಣ ಎಣಿಸಿರಿ. ನಿಮ್ಮಲ್ಲಿ ಕಂಪ್ಯೂಟರ್ ವ್ಯಾಪಾರದಲ್ಲಿರುವ ನನ್ನ ವಿದ್ಯಾರ್ಥಿಗಳೂ ಇದ್ದೀರಿ. ಬಯಾಸಿನಲ್ಲಿ ಒಂದು ಆಯ್ಕೆ ಮಾಡಿ ಕೊಡಲು ನಿಮಗೆ ಎರಡು ನಿಮಿಷ ಸಾಕು. ಹಳ್ಳಿಯಿಂದ ಬಸ್ಸು ಹತ್ತಿ ಬಂದ ಗಿರಾಕಿಗೆ ಆ ಎರಡು ನಿಮಿಷವನ್ನು ಕೊಡಿರಿ. ನಿಮ್ಮಿಂದ ನಾನು ಬಯಸುವ ಗುರುದಕ್ಷಿಣೆ ಇಷ್ಟೇ.