ಗುಟ್ಟು ಬಿಟ್ಟುಕೊಟ್ಟ ಕಾರ್ಖಾನೆ

ಸಾಮಾನು ಒದಗಿಸುವವನು ತನ್ನ ಕೆಲಸದ ಗುಟ್ಟನ್ನು ಗಿರಾಕಿಗೆ ಹೇಳುವುದಿಲ್ಲ. ಗಿರಾಕಿಯೂ ತನ್ನ ಲೆಕ್ಕವನ್ನು ಅವನ ಮುಂದೆ ಬಿಚ್ಚುವುದಿಲ್ಲ. ವ್ಯಾಪಾರದ ಹಳೆಯ ನಡೆ ಇದು. ಈ ನಡೆಯನ್ನು ಬಿಟ್ಟು ಬೇರೆ ದಾರಿ ಹಿಡಿದಿದ್ದ ಜಪಾನಿನ ಟೊಯೋಟ ಮೋಟಾರು ಸಂಸ್ಥೆಗೆ 1997ರ ಫೆಬ್ರವರಿ 1ರಂದು ಅಗ್ನಿಪರೀಕ್ಷೆಯೇ ಒದಗಿತು.

ಅಂದು ಬೆಳಗಿನ ಜಾವ ಕರಿಯ ಪಟ್ಟಣದಲ್ಲಿ ಐಸಿನ್ ಸೇಕಿ ಕಂಪೆನಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬ್ರೇಕು ಹಾಕಿದಾಗ ಹಿಂದಿನ ಚಕ್ರಗಳು ಜಾರದಂತೆ ಒತ್ತಡವನ್ನು ಹದವಾಗಿ ಹಂಚುವ ಕವಾಟ ಅಲ್ಲಿ ತಯಾರಾಗುತ್ತಿತ್ತು. ಅಂಗೈಯಲ್ಲಿ ಅಡಗುವ ವಸ್ತು. ಆದರೆ ಟೊಯೋಟಕ್ಕೆ ಬೇಕಾದ ಇಂತಹ ಕವಾಟಗಳು ಬಹುಮಟ್ಟಿಗೆ ಎಲ್ಲವೂ ಅಲ್ಲಿಂದಲೇ ಬರಬೇಕಾಗಿತ್ತು. ದಾಸ್ತಾನು ಕೂಡಿಡದೆ, ಬೇಕಾದಷ್ಟನ್ನು ಬೇಕಾದ ಹೊತ್ತಿಗೆ ತರಿಸಿಕೊಳ್ಳುವುದು ಟೊಯೋಟದ ಹೆಸರಾಂತ ಕ್ರಮ. ಮಿತವ್ಯಯಕ್ಕೆ ಒಳ್ಳೆಯದೇ, ಉಗ್ರಾಣ ಬರಿದಾಗಿರುವಾಗ ಬೆಂಕಿ ಬಿದ್ದರೆ? ನಾಲ್ಕೈದು ದಿನಗಳೊಳಗೆ ಜಪಾನಿನಲ್ಲಿ ಟೊಯೋಟದ ತಯಾರಿಕೆ ಹೆಚ್ಚುಕಡಿಮೆ ಸ್ತಬ್ಧವಾಯಿತು.

ಐಸಿನ್ ತನ್ನ ನಕ್ಷೆಗಳನ್ನು ಇತರ ಕಾರ್ಖಾನೆಗಳಿಗೆ ಹಂಚಿಬಿಟ್ಟಿತು. ಕೈಬಿಟ್ಟ ಗುಟ್ಟು ಮರಳಿ ಬರುವುದಿಲ್ಲ. ನಾಳೆ ಮತ್ತೊಬ್ಬನು ಅದೇ ಕವಾಟವನ್ನು ಅಗ್ಗವಾಗಿ ಮಾಡಿ ಮಾರಬಹುದು. ಆದರೂ ಕೊಟ್ಟಿತು. 62 ಸಂಸ್ಥೆಗಳು ಕೆಲಸಕ್ಕಿಳಿದವು. ಹೊಲಿಗೆಯಂತ್ರಕ್ಕೆ ಹೆಸರಾದ ಬ್ರದರ್ ಕಂಪೆನಿಯೂ ಅವುಗಳಲ್ಲೊಂದು! ಆದರೆ ನಕ್ಷೆಯೊಂದರಿಂದಲೇ ಕೆಲಸ ಸಾಗದು. ಐಸಿನ್‌ನಲ್ಲಿ ಈ ಕವಾಟಕ್ಕೆಂದೇ ಮಾಡಿಸಿದ ಯಂತ್ರಗಳಿದ್ದವು. ಇತರರಲ್ಲಿ ಇದ್ದವು ಸಾಮಾನ್ಯ ಯಂತ್ರಗಳು. ಆದುದರಿಂದ ಕೊರೆಯುವ, ಕಡೆಯುವ ಕ್ರಮವನ್ನು ಅವರವರೇ ಹೊಸದಾಗಿ ಕಂಡುಕೊಳ್ಳಬೇಕಾಯಿತು. ಕಂಡುಕೊಂಡುದನ್ನು ಒಬ್ಬರು ಮತ್ತೊಬ್ಬರಿಗೆ ತಿಳಿಸುತ್ತ ಹೋದರು. ಫೆಬ್ರವರಿ 4ರಂದೇ ಕ್ಯೋರಿತ್ಸು ಸಾಂಗ್ಯೊ ಎಂಬ ಸಂಸ್ಥೆ ಮೊದಲ 1,000 ಕವಾಟಗಳನ್ನು ತಲುಪಿಸಿತು. ಇನ್ನೊಂದು ವಾರದೊಳಗೆ ಮೋಟಾರುಗಳು ಎಂದಿನಂತೆ ಹೊರಬರತೊಡಗಿದವು.

ಈ ಸೌಹಾರ್ದ ನಾಲ್ಕು ದಿನಗಳಲ್ಲಿ ಬೆಳೆದುದಲ್ಲ. ಟೊಯೋಟದ ಎಂಜಿನಿಯರು ತೈಇಚಿ ಓನೊ ಅವರ ಶಿಷ್ಯರು ದಶಕಗಳ ಕಾಲ ಬಿಡಿಭಾಗ ಮಾಡುವವರ ಕಾರ್ಖಾನೆಗಳಿಗೆ ಹೋಗಿ, ಶುಲ್ಕವಿಲ್ಲದೆ, ಯಂತ್ರಗಳ ನಡುವೆಯೇ ನಿಂತು ಕೆಲಸ ತಿದ್ದುತ್ತಿದ್ದರು. 1970ರ ದಶಕದಲ್ಲಿ ‘ಜಿಶುಕೆನ್’ ಎಂಬ ಕೂಟಗಳೂ ಹುಟ್ಟಿದವು. ಕೂಟದವರೆಲ್ಲ ಒಬ್ಬನ ಕಾರ್ಖಾನೆಯಲ್ಲಿ ನೆರೆದು ಅಲ್ಲಿಯ ಓರೆಕೋರೆಗಳನ್ನು ಮುಖಕ್ಕೇ ಹೇಳುವರು. ಮುಂದಿನ ಸರದಿ ಇನ್ನೊಬ್ಬನದು. ಒಂದೇ ಸರಕಿನ ಪ್ರತಿಸ್ಪರ್ಧಿಗಳನ್ನು ಮಾತ್ರ ಒಂದೇ ಕೂಟದಲ್ಲಿ ಸೇರಿಸುತ್ತಿರಲಿಲ್ಲ. ಔದಾರ್ಯಕ್ಕೂ ಕೊಂಚ ಎಚ್ಚರ ಬೇಕಷ್ಟೆ!

ಕವಾಟದ ಕೆಲಸ ಆರಂಭವಾದಾಗ ಬೆಲೆಯ ಮಾತೇ ಆಗಿರಲಿಲ್ಲ. ಎಲ್ಲವೂ ಮುಗಿದ ಮೇಲೆ ಟೊಯೋಟ ತನ್ನ ಮುಖ್ಯ ಸರಬರಾಜುದಾರರಿಗೆ, ಆ ಜನವರಿಯಿಂದ ಮಾರ್ಚ್‌ವರೆಗಿನ ಅವರ ಮಾರಾಟದ ಶೇಕಡಾ 1ರಷ್ಟನ್ನು ತಾನಾಗಿಯೇ ಹೆಚ್ಚುವರಿಯಾಗಿ ಸಲ್ಲಿಸಿತು.