ಬೇತಾಳನ ಗೊಂಬೆಗೆ ನಮ್ಮ ಮೇಜಿನ ಮೇಲೆ ಜಾಗವಿಲ್ಲವೇ?

ರಾಜ್ಯೋತ್ಸವದ ಅಂಗವಾಗಿ ನಡೆಯುವ ಮಕ್ಕಳ ಕೈಕೆಲಸದ ಸ್ಪರ್ಧೆಯ ನಿಯಮಾವಳಿಗೆ ಈ ವರ್ಷ ಹೊಸದೊಂದು ಸಾಲು ಸೇರಿದೆ. ಅಂಗಡಿಯಲ್ಲಿ ಕೊಂಡ ಆಟಿಕೆಯನ್ನು ಮಾರ್ಪಡಿಸಿ ತಂದ ಗೊಂಬೆಗಳನ್ನು ಪರಿಗಣಿಸಲಾಗುವುದಿಲ್ಲವಂತೆ. ಈ ಸಾಲು ಏಕೆ ಬಂತೆಂಬುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಕಳೆದ ವರ್ಷ ಹನ್ನೆರಡರ ಹುಡುಗನೊಬ್ಬ ಹೀ-ಮ್ಯಾನ್ ಎಂಬ ಅಮೆರಿಕನ್ ವೀರನ ಹಳೆಯ ಪ್ಲಾಸ್ಟಿಕ್ ಗೊಂಬೆಯನ್ನು ವಿಕ್ರಮರಾಜನನ್ನಾಗಿ ಮಾಡಿ, ಹೆಗಲ ಮೇಲೆ ಬೇತಾಳನನ್ನು ಹೊರಿಸಿ ತಂದಿದ್ದ. ತೀರ್ಪುಗಾರರು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಅದು ಅವನ ಸ್ವಂತ ಕೆಲಸವಲ್ಲ ಎಂಬುದು ಒಂದು ಆರೋಪ. ನಮ್ಮ ಸಂಸ್ಕೃತಿಯದಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು ಎಂದು ನಾನು ಹೇಳುತ್ತೇನೆ. ಹುಡುಗ ನನ್ನ ಸಂಬಂಧಿಯೇನೂ ಅಲ್ಲ. ಆ ಸಂಜೆ ಅರ್ಧ ಗಂಟೆ ಅವನ ಪಕ್ಕ ಕುಳಿತು ಕೇಳಿ ತಿಳಿದುಕೊಂಡವನು, ಅಷ್ಟೆ.

ಮೊದಲು 'ಸ್ವಂತದ್ದಲ್ಲ' ಎಂಬ ಮಾತು. ಈ ಹೀ-ಮ್ಯಾನ್ ಹುಟ್ಟಿದ್ದು ಹೇಗೆಂದು ತೀರ್ಪುಗಾರರು ವಿಚಾರಿಸಿದ್ದರೆ ಚೆನ್ನಾಗಿತ್ತು. ಮ್ಯಾಟೆಲ್ ಕಂಪನಿ ಅವನನ್ನು ಮಾರುಕಟ್ಟೆಗೆ ತಂದದ್ದು 1982ರಲ್ಲಿ. ಅವನ ಜನ್ಮದಾತ ಯಾರೆಂಬ ಬಗ್ಗೆ ಅಲ್ಲಿಯವರಲ್ಲೇ ಜಗಳವಿದೆ. ಚಿತ್ರ ಬರೆದ ಮಾರ್ಕ್ ಟೇಲರ್ ಒಂದು ಕಡೆ, ಮಾದರಿ ಮಾಡಿದ ರೋಜರ್ ಸ್ವೀಟ್ ಇನ್ನೊಂದು ಕಡೆ. ಸ್ವೀಟ್ ಹೇಳಿಕೊಂಡಿರುವ ಪ್ರಕಾರ, ಅದೇ ಕಂಪನಿಯ ಬಿಗ್ ಜಿಮ್ ಎಂಬ ಹಳೆಯ ಗೊಂಬೆಯನ್ನು ಕಾಳಗದ ಭಂಗಿಯಲ್ಲಿ ನಿಲ್ಲಿಸಿ, ಮೈಗೆ ಜೇಡಿ ಮೆತ್ತಿ ದಪ್ಪಗೆ ಮಾಡಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಸಿ ಮೇಲಧಿಕಾರಿಗಳಿಗೆ ತೋರಿಸಿದನಂತೆ. ಅವನು ಏರುವ ಹಸಿರು ಹುಲಿಯೂ ಬಿಗ್ ಜಿಮ್‌ನ ಹುಲಿಯ ಅಚ್ಚಿನಿಂದಲೇ ಬಂದದ್ದು. ಅಂದಮೇಲೆ ಕಾರ್ಖಾನೆಯ ಒಡೆಯರು ಮಾಡಿದರೆ ಸೃಷ್ಟಿ, ನಮ್ಮ ಹುಡುಗ ಮಾಡಿದರೆ ಕದ್ದ ಮಾಲು! ಇದೆಂಥ ನ್ಯಾಯ?

ಅಷ್ಟು ದೂರ ಹೋಗುವುದೇಕೆ? ಹಳೇ ಮೈಸೂರಿನ ಕಡೆಯ ನಮ್ಮ ತಾಯಂದಿರು ದಸರೆಯಲ್ಲಿ ಕೂರಿಸುವ ಪಟ್ಟದ ಗೊಂಬೆಗಳನ್ನು ಯಾರು ಮನೆಯಲ್ಲಿ ಕೆತ್ತುತ್ತಾರೆ? ಕೊಂಡದ್ದು, ಇಲ್ಲವೇ ತವರಿನಿಂದ ಬಂದದ್ದು. ಪ್ರತಿ ವರ್ಷ ಹೊಸ ಸೀರೆ, ಹೊಸ ಪೇಟ, ಮಣಿ, ಜರಿ ಹಚ್ಚಿ ಸಿಂಗರಿಸಿದಾಗ ಅದು ಆ ಮನೆಯ ಗೊಂಬೆಯಾಗುತ್ತದೆ. ಕೊಪ್ಪಳದ ಹತ್ತಿರದ ಕಿನ್ನಾಳದ ಕುಶಲಕರ್ಮಿಗಳು ಹಗುರ ಮರದ ತುಂಡುಗಳನ್ನು ಜೋಡಿಸಿ, ಅದರ ಮೇಲೆ ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಿಸೆ ಬೀಜದ ಅಂಟು ಸೇರಿಸಿದ 'ಕಿಟ್ಟ'ವನ್ನು ಮೆತ್ತಿ ರೂಪ ಕೊಡುತ್ತಾರೆ. ಒಳಗೊಂದು ಎಲುಬು, ಮೇಲೊಂದು ಮೆತ್ತಿಗೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಮರದ ಬದಲು ಪ್ಲಾಸ್ಟಿಕ್, ಕಿಟ್ಟದ ಬದಲು ನಲ್ಲಿ ಸೋರಿದಾಗ ನಾವೆಲ್ಲ ಹಚ್ಚುವ ಎಂ-ಸೀಲ್.

ಅದೇನು ಸುಲಭದ ಕೆಲಸವೆಂದು ಭಾವಿಸಬೇಡಿ. ತಲೆಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಕಳಚಬೇಕು. ಮೈಯ ಜಿಡ್ಡು ಹೋಗುವಂತೆ ಸಾಬೂನಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯದು. ಎಂ-ಸೀಲಿನ ಎರಡು ಮುದ್ದೆಗಳನ್ನು ಸಮನಾಗಿ ನಾದಿ, ಅದು ಗಟ್ಟಿಯಾಗುವುದರೊಳಗೆ ಮೀಸೆ, ಕಿರೀಟ, ಧೋತರದ ನೆರಿಗೆ ಎಲ್ಲ ಮೂಡಿಸಬೇಕು. ಕೈಗವಸು ಬೇಕೇ ಬೇಕು, ಹಸಿ ಮುದ್ದೆ ಕೆಲವರ ಚರ್ಮಕ್ಕೆ ಆಗದು. ಮರಳುಕಾಗದದಿಂದ ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು, ಇಲ್ಲದಿದ್ದರೆ ಧೂಳು ಎದೆಗೆ ಹೋಗುತ್ತದೆ. ಕೀಲುಗಳಿಗೆ ಮೊದಲೇ ವ್ಯಾಸಲೀನ್ ಸವರದಿದ್ದರೆ ರಾಜನ ತೋಳು ಶಾಶ್ವತವಾಗಿ ಸೆಟೆದು ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಬೇತಾಳ! ಹೆಗಲ ಮೇಲೆ ಹೆಣ ಹೊತ್ತ ಗೊಂಬೆ ಹಿಂದಕ್ಕೆ ಮಗುಚುತ್ತದೆ. ಮೊದಲ ಬೇತಾಳ ಗಟ್ಟಿ ಮುದ್ದೆಯದಾದ್ದರಿಂದ ರಾಜ ನಿಲ್ಲಲೇ ಇಲ್ಲವಂತೆ. ಆಗ ಹುಡುಗ ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಕಾಗದವನ್ನು ಉಂಡೆ ಮಾಡಿ, ಅದರ ಮೇಲೆ ತೆಳ್ಳಗೆ ಮೆತ್ತಿ, ಟೊಳ್ಳು ಬೇತಾಳನನ್ನು ಮಾಡಿದ. ಕಾಲುಗಳನ್ನು ಹಲಗೆಗೆ ಅಂಟಿಸಿ, ಸೊಂಟವನ್ನು ಕೊಂಚ ಮುಂದಕ್ಕೆ ಬಾಗಿಸಿದ. ಭಾರ ಹೊತ್ತವನು ಮುಂದಕ್ಕೆ ಬಾಗಿ ನಡೆಯುತ್ತಾನೆಂಬುದನ್ನು ಅವನು ಎಲ್ಲಿ ಗಮನಿಸಿದನೋ, ಬಹುಶಃ ದಾದರ್ ಸ್ಟೇಷನ್ನಿನ ಹಮಾಲರನ್ನು ನೋಡಿಯೇ ಇರಬೇಕು. ಇದರಲ್ಲಿ ಅವನದಲ್ಲದ್ದು ಯಾವುದು, ದಯವಿಟ್ಟು ಹೇಳಿ.

ಇನ್ನು 'ನಮ್ಮದಲ್ಲ' ಎಂಬ ಮಾತು. ಇದು ನನಗೆ ಹೆಚ್ಚು ನೋವು ತಂದಿತು. ವಿಕ್ರಮ-ಬೇತಾಳರ ಕಥೆ ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ನಮ್ಮ ತಲೆಮಾರಿನವರಿಗೆ ಅದು ಬಂದದ್ದು 1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ'ದಿಂದ. ಖಡ್ಗ ಹಿಡಿದು ಹೆಣ ಹೊತ್ತು ನಡೆಯುವ ರಾಜನ ಆ ಚಿತ್ರ, 2020ರಲ್ಲಿ ತೀರಿಕೊಂಡ ಕಲಾವಿದ ಶಂಕರ್ ಅವರ ಕೈಚಳಕ, ನಮ್ಮ ಕಣ್ಣಿನಿಂದ ಅಳಿಸಿಹೋಗಿದೆಯೇ? ಪತ್ರಿಕೆ ನಿಂತುಹೋಯಿತು. ಈಗಿನ ಮಗುವಿಗೆ ಆ ರಾಜ ಸಿಗುವುದಾದರೂ ಎಲ್ಲಿ? ಆಟಿಕೆಯ ಅಂಗಡಿಗೆ ಹೋಗಿ ವಿಕ್ರಮನನ್ನು ಕೇಳಿದರೆ ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ. ಕೊಳ್ಳಲು ಸಿಗದ ವೀರನನ್ನು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಆ ಹುಡುಗನ ಅಜ್ಜಿ ಹಳೆಯ ಸಂಚಿಕೆಗಳನ್ನು ಓದಿ ಹೇಳಿದ್ದರಿಂದ ಅವನು ಮಾಡಿದ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ-ಮರಾಠಿ. ಬೇತಾಳ ಮಾತ್ರ ಅವನೊಡನೆ ಕನ್ನಡದಲ್ಲಿ ಮಾತಾಡುತ್ತಾನೆ. ಆ ಬೇತಾಳನನ್ನೇ ನಾವು ಮೇಜಿನಿಂದ ಇಳಿಸಿದೆವು.

ನಮ್ಮ ನೆರೆಯ ಮರಾಠಿ ಮಕ್ಕಳನ್ನು ನೋಡಿ. ದೀಪಾವಳಿ ಬಂತೆಂದರೆ ಚಾಳಿನ ಅಂಗಳದಲ್ಲಿ, ಸೊಸೈಟಿಯ ಮೂಲೆಯಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ಅದರ ಮೇಲೆ ಕೂರುವ ಶಿವಾಜಿ ಮಹಾರಾಜರು, ಮಾವಳೆ ಸೈನಿಕರು ಸಾಮಾನ್ಯವಾಗಿ ಪೇಟೆಯಿಂದ ಕೊಂಡವರೇ. ಅದಕ್ಕಾಗಿ ಯಾರೂ ಆ ಕೋಟೆಯನ್ನು ಅನರ್ಹಗೊಳಿಸಿದ್ದನ್ನು ನಾನು ಕಂಡಿಲ್ಲ. ಹಿರಿಯರು ನಿಂತು ನೋಡಿ, ಬಾಗಿಲು ಇಲ್ಲಿರಬೇಕಿತ್ತು, ಬುರುಜು ಅಲ್ಲಿರಬೇಕಿತ್ತು ಎಂದು ಜಗಳವಾಡುತ್ತಾರೆ. ನಮ್ಮಲ್ಲಿ ಆ ಜಗಳಕ್ಕೂ ಬಿಡುವಿಲ್ಲ.

ಗಂಡುಹುಡುಗನಿಗೇಕೆ ಗೊಂಬೆಯಾಟ ಎಂದು ಪಿಸುಗುಟ್ಟಿದವರೂ ಇದ್ದರು. ಅವರಿಗೊಂದು ಮಾತು. 1964ರಲ್ಲಿ ಹ್ಯಾಸ್ಬ್ರೊ ಕಂಪನಿ ಹನ್ನೆರಡು ಅಂಗುಲದ ಸೈನಿಕನನ್ನು ಮಾರಲು ಹೊರಟಾಗ ಇದೇ ಭಯದಿಂದ 'ಗೊಂಬೆ' ಎಂಬ ಪದವನ್ನೇ ಬಿಟ್ಟು 'ಆಕ್ಷನ್ ಫಿಗರ್' ಎಂಬ ಹೆಸರು ಹುಡುಕಿತು. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟ ಕಂಡ ನಾಡಿನವರಿಗೆ ಈ ನಾಚಿಕೆ ಬೇಡ.

ಸಮಿತಿಯವರ ಒಂದು ಆತಂಕ ನಿಜ. ಮಗುವಿನ ಹೆಸರಿನಲ್ಲಿ ತಂದೆ ಮಾಡಿಕೊಡುವುದು, ದುಡ್ಡು ಕೊಟ್ಟು ಮಾಡಿಸುವುದು, ಈಗ ಯಂತ್ರದಿಂದ ಇಡೀ ಗೊಂಬೆಯನ್ನೇ ಮುದ್ರಿಸಿ ತರುವುದು ನಡೆದಿದೆ. ಅದನ್ನು ಹಿಡಿಯಲು ಈ ಸಾಲು ಉಪಯೋಗವಿಲ್ಲ. ಮಗುವನ್ನು ಗೊಂಬೆಯ ಪಕ್ಕ ನಿಲ್ಲಿಸಿ, ಹೇಗೆ ಮಾಡಿದೆ, ಯಾರ ಕಥೆ ಇದು ಎಂದು ಐದು ನಿಮಿಷ ಕನ್ನಡದಲ್ಲಿ ಕೇಳಿ. ಮಾಡಿದವನು ಯಾರೆಂದು ತಾನೇ ಗೊತ್ತಾಗುತ್ತದೆ. ಭಾಷೆ ತಡವರಿಸಿದರೆ ತಡವರಿಸಲಿ, ಅಂಕ ಕಳೆಯಬೇಡಿ.

ಹೆಸರು ಕೊಡಲು ಇನ್ನೂ ಮೂರು ವಾರಗಳಿವೆ. ಅದಕ್ಕೆ ಮುಂಚೆ ಕಾರ್ಯಕಾರಿ ಸಮಿತಿ ಒಮ್ಮೆ ಸೇರಲಿದೆ. ಆ ಸಾಲನ್ನು ತೆಗೆಯಬೇಕೆಂಬ ಮನವಿಗೆ ಇದುವರೆಗೆ ಹದಿನೇಳು ಸದಸ್ಯರು ಸಹಿ ಮಾಡಿದ್ದಾರೆ. ಕಾಗದ ವಾಚನಾಲಯದ ಮೇಜಿನ ಮೇಲಿದೆ.