ಬಳೆಗಾರ ಗುಂಡು ಕಲಿಸುವ ಪಾಠ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಏದುಸಿರು ಬಿಡುತ್ತ ಹತ್ತಿದರೆ, ದೇವಾಲಯದ ಬಳಿ ಒಂದು ಬಂಡೆ ಸಿಗುತ್ತದೆ. ಊರವರ ಬಾಯಲ್ಲಿ ಅದು ಬಳೆಗಾರ ಗುಂಡು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಲ್ಲಿ ಮಲಾರ ಬಿಚ್ಚಿ ವ್ಯಾಪಾರಕ್ಕೆ ಕೂರುತ್ತಿದ್ದರು. ಹೆಸರು ಬಂದದ್ದು ಹಾಗೆ. ಆ ಬಂಡೆಯ ಮೇಲಿರುವುದು ಅಶೋಕ ಚಕ್ರವರ್ತಿಯ ಶಾಸನವೆಂದು ಲೋಕಕ್ಕೆ ತಿಳಿದದ್ದು 1892ರಲ್ಲಿ, ಬಿ.ಎಲ್. ರೈಸ್ ಅವರ ಶೋಧದಿಂದ. ಇಂದು ಅಲ್ಲಿನ ಅಕ್ಷರಗಳು ಬಹಳಷ್ಟು ಸವೆದುಹೋಗಿವೆ. ಗಾಳಿ, ಮಳೆ, ಬಿಸಿಲು ಇದಕ್ಕೆ ಕಾರಣ. ತಲೆಮಾರುಗಳ ಕಾಲ ಜನ ಅದರ ಮೇಲೆ ಕುಳಿತದ್ದು, ಎದ್ದದ್ದು, ನಡೆದದ್ದೂ ಕಾರಣವಾಗಿರಬೇಕು. ಅವರಲ್ಲಿ ಯಾರಿಗೂ ಕೇಡು ಮಾಡುವ ಉದ್ದೇಶವಿರಲಿಲ್ಲ. ಕಾಲ ಕೆಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ.

ಹೊಸ ಹವ್ಯಾಸವೊಂದರ ಬಗ್ಗೆ ಇಂದು ಕೇಳಿಬರುತ್ತಿರುವ ಪ್ರಶ್ನೆಗೆ ಈ ಹಳೆಯ ಗುಂಡಿನಲ್ಲಿ ಉತ್ತರವಿದೆ. ಹವ್ಯಾಸದ ಹೆಸರು ಜಿಯೋಕ್ಯಾಷಿಂಗ್. ಪ್ರಶ್ನೆ ಇಷ್ಟೆ: ಆಡುವವರು ಹೆಚ್ಚಿದ ಹಾಗೆಲ್ಲ ಆಟದ ಬಯಲೇ ಇಕ್ಕಟ್ಟಾಗುತ್ತಿದೆಯೇ?

ಆಟದ ಹುಟ್ಟು

ಆಟ ಸರಳ. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಮರೆಯಾಗಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸುತ್ತಾರೆ. ಮತ್ತೊಬ್ಬರು ಜಿಪಿಎಸ್ ಉಪಕರಣ ಅಥವಾ ಮೊಬೈಲ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಡಬ್ಬಿ ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಕಣ್ಣಾಮುಚ್ಚಾಲೆಗೆ ಉಪಗ್ರಹಗಳ ನೆರವು ಸಿಕ್ಕಿದೆ ಎನ್ನಬಹುದು.

ಇದು ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸೈನ್ಯದ ಕಾರಣಕ್ಕಾಗಿ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಹೀಗಾಗಿ ಉಪಕರಣ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. ಆ ಮೇ ತಿಂಗಳ ಮೊದಲ ದಿನಗಳಲ್ಲಿ ಈ ಅಡ್ಡಿಯನ್ನು ತೆಗೆದುಹಾಕಲಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್‌ನಲ್ಲಿ ಪುಸ್ತಕ, ಕವಣೆ ಮುಂತಾದ ಸಾಮಾನು ತುಂಬಿಟ್ಟು, ಜಾಗದ ವಿವರ ಪ್ರಕಟಿಸಿದ. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿದವರೂ ಬಂದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಆಟಕ್ಕೆ ಪ್ರತ್ಯೇಕ ತಾಣ ಆರಂಭವಾದಾಗ ಇಡೀ ಜಗತ್ತಿನಲ್ಲಿದ್ದ ಡಬ್ಬಿಗಳು 75. ಇಂದು ಅವುಗಳ ಸಂಖ್ಯೆ 30 ಲಕ್ಷವನ್ನು ದಾಟಿದೆ.

ಡಬ್ಬಿಗೆ ಅಳತೆ ಉಂಟು, ಕಾಲಿಗೆ?

75 ಎಲ್ಲಿ, 30 ಲಕ್ಷ ಎಲ್ಲಿ! ಗುಂಪಾಯಿತೆಂಬ ದೂರು ಹವ್ಯಾಸಿಗಳಿಂದಲೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ಆಟದವರು ಒಂದು ನಿಯಮವನ್ನೂ ಮಾಡಿಕೊಂಡಿದ್ದಾರೆ: ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ಅಂತರವಿರಬೇಕು. ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಒಂದು ಕಿಲೋಮೀಟರ್ ದಾರಿಯಲ್ಲಿ ಆರೇಳು ಡಬ್ಬಿ ಹಿಡಿಸುತ್ತವೆ. ಒಂದು ಚದರ ಕಿಲೋಮೀಟರ್ ಬಯಲಿನಲ್ಲಿ ಚದುರಂಗದ ಮನೆಗಳಂತೆ ಸಾಲಾಗಿ ಇಟ್ಟರೆ ಸುಮಾರು 38.

ನಿಯಮ ಇದ್ದರೂ ಅತಿರೇಕ ನಿಲ್ಲಲಿಲ್ಲ. ಅಮೆರಿಕದ ನೆವಾಡ ರಾಜ್ಯದ ಮರಳುಗಾಡಿನ ಹೆದ್ದಾರಿಯೊಂದರ ಪಕ್ಕದಲ್ಲಿ ನಿಯಮದ ಅಂತರ ಬಿಟ್ಟು ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಸಾಲಾಗಿ ಇಡಲಾಗಿತ್ತು. ಕಾರು ನಿಲ್ಲಿಸುವುದು, ಓಡಿಹೋಗಿ ಸಹಿ ಮಾಡುವುದು, ಮತ್ತೆ ಕಾರು ಹತ್ತುವುದು, ದಿನವೆಲ್ಲ ಇದೇ ಕೆಲಸ. ಹೆದ್ದಾರಿಯ ಸುರಕ್ಷತೆಗೆ ಧಕ್ಕೆಯಾಗುತ್ತದೆಂದು ಅಲ್ಲಿನ ಸಾರಿಗೆ ಇಲಾಖೆ ಆಕ್ಷೇಪಿಸಿದ್ದರಿಂದ 2011ರಲ್ಲಿ ಆ ಸಾಲನ್ನು ತೆಗೆಯಬೇಕಾಯಿತು. ಇಲ್ಲಿ ಅಂತರದ ನಿಯಮ ಪಾಲನೆಯಾಗಿತ್ತು ಎಂಬುದನ್ನು ಗಮನಿಸಬೇಕು. 161 ಮೀಟರ್ ಎಂಬುದು ಡಬ್ಬಿಗಳನ್ನು ಅಳೆಯುತ್ತದೆಯೇ ಹೊರತು ಅವುಗಳ ಬಳಿಗೆ ಬರುವ ಕಾಲುಗಳನ್ನು ಅಳೆಯುವುದಿಲ್ಲ.

ಕರ್ನಾಟಕದ ಮಟ್ಟಿಗೆ ಡಬ್ಬಿಗಳು ಕಿಕ್ಕಿರಿದಿವೆ ಎಂದು ಯಾರೂ ಹೇಳಲಾರರು. ಆದರೆ ಕಾಲುಗಳ ಗುಂಪು ಹೇಗಿರುತ್ತದೆ ಎಂಬುದನ್ನು ನಮ್ಮವರು ಈಗಾಗಲೇ ನೋಡಿದ್ದಾರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಚಾರಣಿಗರು ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಬೆನ್ನಲ್ಲೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮುಂದೆ ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿಯೂ ಬಂತು. ಯಾವ ಡಬ್ಬಿಯೂ ಇಲ್ಲದ ಬೆಟ್ಟದ ಗತಿ ಇದು. ಜಾಗದ ವಿಳಾಸ ಎಲ್ಲರ ಮೊಬೈಲಿಗೂ ಒಂದೇ ಸಲ ತಲುಪಿದರೆ ಸಾಕು, ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಅಕ್ಷರ ಗುಂಡಿನ ಸಹಿ

ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದು ಮೊಳಕಾಲ್ಮೂರು ಸೀಮೆಗೆ ಬಂದವರಿಗೆ ಹುಡುಕಲು ಡಬ್ಬಿಯೇ ಬೇಕಾಗಿಲ್ಲ. ಜಟಿಂಗ ರಾಮೇಶ್ವರದ ಜೊತೆಗೆ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿಯೂ ಅಶೋಕನ ಶಾಸನಗಳಿವೆ. ಮೂರನ್ನೂ ಬೆಳಕಿಗೆ ತಂದವರು ರೈಸ್ ಅವರೇ. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡಿನಲ್ಲಿದ್ದರೆ, ಬ್ರಹ್ಮಗಿರಿಯದು ಅಕ್ಷರ ಗುಂಡಿನಲ್ಲಿದೆ. ಏನು ಬರೆದಿದೆ ಎಂಬುದು ತಿಳಿಯದಿದ್ದ ಕಾಲದಲ್ಲಿಯೂ ಊರವರು ಬಂಡೆಗೆ ಅಕ್ಷರ ಗುಂಡು ಎಂದೇ ಹೆಸರಿಟ್ಟಿದ್ದರು ಎಂಬುದು ಸಣ್ಣ ಮಾತಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮೇಲೆ ಈ ಊರು ದಕ್ಷಿಣ ಭಾರತದ ಪ್ರಾಚೀನ ಇತಿಹಾಸವನ್ನು ಓದುವವರಿಗೆಲ್ಲ ಪರಿಚಿತವಾಯಿತು.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ತಂದೆ ತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ಅದರ ಒಂದು ಭಾಗದ ಸಾರ. ಕೊನೆಯಲ್ಲಿ ಲಿಪಿಕಾರನ ಹೆಸರಿದೆ: ಚಪಡ. ಹೆಸರಿನ ಜೊತೆಗಿರುವ ಲಿಪಿಕಾರ ಎಂಬರ್ಥದ ಪದವನ್ನು ಆತ ಬರೆದದ್ದು ಬ್ರಾಹ್ಮಿಯಲ್ಲಲ್ಲ, ದೂರದ ವಾಯವ್ಯ ಪ್ರಾಂತ್ಯದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಸಹಿ ಅದು.

ಸಹಿಯ ಆಸೆ ಇಂದಿನವರಿಗೂ ಇದೆ. ಕೋಟೆಯ ಗೋಡೆಯಿಂದ ದೇವಾಲಯದ ಕಂಬದವರೆಗೆ ಬಾಣ ಚುಚ್ಚಿದ ಹೃದಯ, ಕಾಲೇಜಿನ ಹೆಸರು, ತಂಡದ ಹೆಸರು ಕೆತ್ತದ ಜಾಗ ಅಪರೂಪ. ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದರೆ, ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆಯಲ್ಲಿ ಅವಕಾಶವಿದೆ. ಜಿಯೋಕ್ಯಾಷಿಂಗ್‌ನ ಒಂದು ಒಳ್ಳೆಯ ಗುಣ ಇಲ್ಲಿಯೇ ಕಾಣುವುದು. ಸಹಿ ಮಾಡುವ ಆಸೆಯನ್ನು ಅದು ಬಂಡೆಯಿಂದ ಪುಸ್ತಕಕ್ಕೆ ಇಳಿಸಿದೆ.

ಎಲ್ಲಿ ಇಡಬಾರದು

ಹಾಗಾದರೆ ಅಕ್ಷರ ಗುಂಡಿನ ಬುಡದಲ್ಲೇ ಒಂದು ಡಬ್ಬಿ ಇಡಬಹುದೇ? ಖಂಡಿತ ಕೂಡದು. ಡಬ್ಬಿಗಾಗಿ ಸಂದುಗೊಂದಿಗಳಲ್ಲಿ ಕೈಹಾಕುವವರು, ಕಲ್ಲು ಎತ್ತಿ ನೋಡುವವರು, ತಾಳ್ಮೆಗೆಟ್ಟು ಬಂಡೆ ಹತ್ತುವವರು ಬಂದೇ ಬರುತ್ತಾರೆ. ಹತ್ತು ಮಂದಿಗೆ ಏನೂ ಆಗದು. ಹತ್ತು ಸಾವಿರ ಮಂದಿಗೆ ಇನ್ನೊಂದು ಬಳೆಗಾರ ಗುಂಡು ತಯಾರಾಗುತ್ತದೆ. ಡಬ್ಬಿಯನ್ನು ಹೂಳುವುದಕ್ಕೆ ಆಟದ ನಿಯಮವೇ ಒಪ್ಪುವುದಿಲ್ಲ. ಹಳೆಯ ಗುಡಿಗಳ ಸುತ್ತ ನಿಧಿಯ ಆಸೆಗೆ ಅಗೆಯುವವರ ಕಾಟವಿರುವ ನಾಡಿನಲ್ಲಿ, ಗುದ್ದಲಿ ಹಿಡಿದ ಅಪರಿಚಿತ ಹುಡುಗರನ್ನು ಊರವರು ನಿಧಿಗಳ್ಳರೆಂದು ತಿಳಿದರೆ ತಪ್ಪು ಅವರದಲ್ಲ.

ಚಳ್ಳಕೆರೆಯ ಕಾವಲುಗಳ ಮಾತೂ ಹೀಗೆಯೇ. ಉಳ್ಳಾರ್ತಿ, ಖುದಾಪುರದ ಕಡೆಯ ಅಮೃತ ಮಹಲ್ ಕಾವಲಿನ ದೊಡ್ಡ ಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿದೆ. ಚಂದ್ರಯಾನದ ಪರೀಕ್ಷೆಗಾಗಿ ಇಸ್ರೋ ಕೃತಕ ಕುಳಿಗಳನ್ನು ತೋಡಿದ್ದೂ ಈ ಸೀಮೆಯಲ್ಲೇ. ಅಂಥ ಕಡೆ ಜಿಪಿಎಸ್ ಹಿಡಿದು ಬೇಲಿ ದಾಟುವುದು ಆಟವೆನಿಸುವುದಿಲ್ಲ. ಬೇಲಿಯಿಲ್ಲದ ಹುಲ್ಲುಗಾವಲು ಖಾಲಿ ಜಾಗದಂತೆ ಕಾಣಬಹುದು. ಆದರೆ ಅದು ದನ, ಕುರಿಗಳ ಮೇವು. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳ ಮನೆ.

ಡಬ್ಬಿಯೇ ಇಲ್ಲದ ಬಗೆಯೂ ಈ ಆಟದಲ್ಲಿದೆ. 2004ರಲ್ಲಿ ಆರಂಭವಾದ ಅರ್ತ್‌ಕ್ಯಾಷ್‌ನಲ್ಲಿ ಹುಡುಕುವವರು ಸ್ಥಳಕ್ಕೆ ಹೋಗಿ, ಅಲ್ಲಿನ ಕಲ್ಲು, ಮಣ್ಣು, ಭೂರಚನೆಯನ್ನು ಗಮನಿಸಿ, ಕೇಳಿದ ಪ್ರಶ್ನೆಗೆ ಉತ್ತರ ಕಳುಹಿಸಬೇಕು. ಮೊಳಕಾಲ್ಮೂರಿನ ಗುಂಡುಗಳಿಗೆ ಹೇಳಿ ಮಾಡಿಸಿದಂಥ ಕ್ರಮ ಇದು. ಶಾಲೆಗಳು ಯಾವ ತಾಣದ ಹಂಗೂ ಇಲ್ಲದೆ ಇದನ್ನು ನಡೆಸಬಹುದು. ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಕೊಟ್ಟು ನಾಲ್ಕು ಪ್ರಶ್ನೆ ಬರೆದುಕೊಟ್ಟರಾಯಿತು. ಈ ಬಂಡೆ ಯಾವ ಜಾತಿಯದು? ಶಾಸನ ಯಾವ ದಿಕ್ಕಿಗಿದೆ? ಇಲ್ಲಿ ನಿಂತರೆ ಯಾವ ಬೆಟ್ಟ ಕಾಣುತ್ತದೆ? ಗುಂಡಿಗೆ ಈ ಹೆಸರು ಏಕೆ ಬಂತೆಂದು ಊರಿನ ಅಜ್ಜ ಅಜ್ಜಿಯರು ಏನು ಹೇಳುತ್ತಾರೆ? ಇದಕ್ಕೆ ಒಂದು ತರಗತಿ ಒಂದು ದಿನ ಸಾಕು. ಅಷ್ಟು ಮಂದಿಯನ್ನು ಆ ಜಾಗ ಸುಖವಾಗಿ ತಾಳಿಕೊಳ್ಳುತ್ತದೆ.

ತಂದೆ ತಾಯಿಯರು ಮಕ್ಕಳನ್ನು ಕರೆದೊಯ್ಯುವುದಾದರೆ ಬೆಳಗಿನ ಹೊತ್ತು ಒಳ್ಳೆಯದು. ಬಂಡೆಗಳು ಕಾಯುವ ಮೊದಲು ಇಳಿಯಬಹುದು. ಕರಡಿ ಓಡಾಡುವ ಗುಡ್ಡಗಳಾದ್ದರಿಂದ ಮುಸ್ಸಂಜೆಗೆ ಅಲ್ಲಿರುವುದು ಬೇಡ. ನೀರಿನ ಬಾಟಲಿ ಹೋದಂತೆಯೇ ವಾಪಸು ಬರಲಿ. ಹೆಸರು ಬರೆಯಲೇಬೇಕೆಂದು ಮಗು ಹಟ ಹಿಡಿದರೆ ಚೀಲದಲ್ಲಿ ಒಂದು ನೋಟ್‌ಬುಕ್ಕು ಇರಲಿ. ದಿನಾಂಕ, ಸ್ಥಳ, ಕೆಳಗೆ ಸಹಿ. ಬಂಡೆಯ ಮೇಲೆ ಚಪಡನ ಹೆಸರು ಒಂದೇ ಸಾಕು.